ಸೂಜಿ–ದಾರ: ಕೂಸಿನ ಕುಂಚಿಗೆಗೆ ಕಸೂತಿ



ಹಿರೀ ಮಗಳಿಗೆ ಏಳು ತಿಂಗಳಿಗೆ ಕುಬಸ ಮಾಡಿ ಶಹಾಪುರದ ನಮ್ಮ ಮನೆಗೆ ಕರೆದುಕೊಂಡು ಬಂದ ಮೇಲೆ, ಒಂದು ಮಧ್ಯಾಹ್ನ ಹಳೇ ಟ್ರಂಕು ತೆಗೆದೆ. ಅಡಿಯಲ್ಲಿ ನಮ್ಮವ್ವ ಹೊಲಿದ ಕುಂಚಿಗೆ ಇತ್ತು. ಕೂಸಾಗಿದ್ದಾಗ ನಾನು ತೊಟ್ಟದ್ದು, ನನ್ನ ಮಕ್ಕಳೂ ತೊಟ್ಟದ್ದು. ಮೊಮ್ಮಗುವಿಗೂ ಅದೇ ಆಗಲಿ ಎಂದು ಬಿಚ್ಚಿದರೆ, ಮಡಿಕೆಯ ಗುಂಟ ಪರ್ರನೆ ಹರಿದೇ ಹೋಯಿತು ನೋಡ್ರಿ!

ಅವ್ವ ತೀರಿಕೊಂಡು ಆರು ವರ್ಷವಾಯಿತು. ಅವಳಿದ್ದಾಗ "ಬಾ, ಸೂಜಿ ಹಿಡಿ" ಎಂದು ಕರೆದರೆ, "ಅದೆಲ್ಲ ಹಳೇ ಕಾಲದ್ದವಾ, ಮಿಷಿನ್ ಅದ ಅಲ್ಲ" ಎಂದು ಎದ್ದು ಹೋಗುತ್ತಿದ್ದೆ. ಈಗ ಯಾರನ್ನು ಕೇಳಲಿ? ಉಳಿದವಳು ಸುರಪುರದ ಚಿಗವ್ವ ಒಬ್ಬಳೇ. ಅವಳಿಗೂ ಕಣ್ಣು ಮಂಜಾಗಿ ಸೂಜಿಗೆ ದಾರ ಪೋಣಿಸಲು ಆಗುವುದಿಲ್ಲ. ಆದರೂ ಬಟ್ಟೆ ಹಿಡಿದುಕೊಂಡು ಹೋದೆ.

"ಕಸೂತಿ ಧಾರವಾಡದ ಕಡೆಯದು, ನಮಗ್ಯಾಕ?" ಎನ್ನಬೇಡಿ. ಇಳಕಲ್ ಸೀರೆಯ ಜೊತೆ ನಮ್ಮ ಮನೆಗೂ ಬಂದ ವಿದ್ಯೆ ಅದು. ಗೋಪುರ, ತುಳಸಿಕಟ್ಟೆ, ಆನೆ, ತೇರು, ತೊಟ್ಟಿಲು ಏನೇ ಇರಲಿ, ಬಟ್ಟೆಯ ಮೇಲೆ ಬರೆದುಕೊಳ್ಳದೆ, ಎಳೆ ಎಣಿಸಿಯೇ ಹಾಕಬೇಕು. ಹೊಲಿಗೆಗಳು ನಾಲ್ಕೇ.

ಗವಂತಿ: ಹೋಗುವಾಗ ಒಂದು ಬಿಟ್ಟು ಒಂದು ಟಾಕಿ, ಬರುವಾಗ ಬಿಟ್ಟದ್ದನ್ನು ತುಂಬುವುದು. ಎರಡೂ ಬದಿ ಒಂದೇ ರೀತಿ ಕಾಣುತ್ತದೆ.
ಮುರಗಿ: ಗವಂತಿಯಂತೆಯೇ, ಆದರೆ ಮೆಟ್ಟಿಲು ಮೆಟ್ಟಿಲಾಗಿ ಏರುತ್ತದೆ.
ನೇಯ್ಗಿ: ಗಿಡ್ಡ, ಉದ್ದ ಟಾಕಿಗಳನ್ನು ಸಾಲಾಗಿ ಹಾಕಿದರೆ ಮಗ್ಗದಲ್ಲಿ ನೇಯ್ದಂತೆ ಕಾಣುತ್ತದೆ.
ಮೆಂತೆ: ಗುಣಾಕಾರದ ಚಿಹ್ನೆಯಂಥ ಟಾಕಿ. ದಾರ ಹೆಚ್ಚು ಬೇಕು, ಒಳಗೆ ತುಂಬಲು ಚೆಂದ.

ಹೊಸಬರು ಮುರಗಿಯ ಅಂಚಿನಿಂದ ಶುರು ಮಾಡಿ. ಪಾಪ್ಲಿನ್ ಬಟ್ಟೆಯಲ್ಲಿ ಎಳೆ ಎಣಿಸಲು ಬರುವುದಿಲ್ಲ. ಮೊದಲು ಮ್ಯಾಟಿ ಬಟ್ಟೆಯ ಮೇಲೆ ರೂಢಿ ಮಾಡಿಕೊಳ್ಳಿ. ನಾನು ಯಾದಗಿರಿಯಿಂದ ಅರ್ಧ ಮೀಟರ್ ತರಿಸಿದ್ದೆ. ಆರೆಳೆಯ ದಾರದಲ್ಲಿ ಎರಡೆಳೆ ಬಿಡಿಸಿ, 18 ಅಂಗುಲವಷ್ಟೇ ಕತ್ತರಿಸಿ, ಉದ್ದವಾದರೆ ಸಿಕ್ಕಾಗುತ್ತದೆ. ತುದಿಗೆ ಗಂಟು ಹಾಕದೆ, ನಾಲ್ಕು ಬೆರಳಷ್ಟು ದಾರ ಹಿಂದೆ ಬಿಡಿ.

ಸೂಜಿ ಮೇಲೆ ತಂದು, ಬಲಕ್ಕೆ 4 ಎಳೆ ದಾಟಿಸಿ ಕೆಳಗಿಳಿಸಿ. ಬಟ್ಟೆಯ ಹಿಂದಿನಿಂದಲೇ ನೆಟ್ಟಗೆ ತಲೆಯ ಕಡೆಗೆ 4 ಎಳೆ ಹೋಗಿ ಮತ್ತೆ ಹೊರಗೆ ತೆಗೆಯಿರಿ. ಪುನಃ ಬಲಕ್ಕೆ 4. ಹೀಗೆ ಹೋಗುವಾಗ ಮುಂಬದಿಗೆ ಅಡ್ಡಗೆರೆ ಮಾತ್ರ ಕಾಣುತ್ತವೆ. ಕೊನೆಯ ಅಡ್ಡಗೆರೆ ಮುಗಿದಾಗ ಸೂಜಿ ಬಟ್ಟೆಯ ಹಿಂದೆ ಇರುತ್ತದೆ. ಅದೇ ಗೆರೆಯ ಅಡಿಯಿಂದ ಹಿಂತಿರುಗಿ, ಅದು ಶುರುವಾದ ತೂತಿನಿಂದ ಮೇಲೆ ತೆಗೆದು, ಈಗ ನಿಲುವುಗೆರೆ ತುಂಬುತ್ತಾ ಇಳಿಯಿರಿ. ಹೊರಟ ಜಾಗಕ್ಕೆ ಬಂದಾಗ ಎರಡೂ ಬದಿಗೆ ಒಂದೇ ಮೆಟ್ಟಿಲು! ಉಳಿದ ತುದಿಗಳನ್ನು ಹಿಂದಿನ ಟಾಕಿಗಳೊಳಗೆ ನುಸುಳಿಸಿ ಕತ್ತರಿಸಿ.

ಕುಂಚಿಗೆಗೆ ಮಾತ್ರ ಅವ್ವನ ಹಳೇ ಇಳಕಲ್ ನೂಲಿನ ಸೀರೆಯ ಗಟ್ಟಿ ಭಾಗ ತೆಗೆದುಕೊಂಡೆ. ಮೆತ್ತಗೂ ಇರುತ್ತದೆ, ಎಳೆಯೂ ಸಿಗುತ್ತದೆ. ಬಣ್ಣದ ದಾರವನ್ನು ಒದ್ದೆ ಮಾಡಿ ಬಿಳಿ ಬಟ್ಟೆಗೆ ಒತ್ತಿ, ಬಣ್ಣ ಬಿಡುವುದಿಲ್ಲವೆಂದು ನೋಡಿಕೊಂಡೆ.

ಚಿಗವ್ವ ನನ್ನ ಹೊಲಿಗೆಯ ಮುಂಬದಿ ಮುಟ್ಟಲೇ ಇಲ್ಲ. ಬಟ್ಟೆ ತಿರುವಿ ಹೆಬ್ಬೆರಳು ಆಡಿಸಿದಳು.

"ಇಲ್ಲೊಂದು ಗಂಟು ಅದ. ಬಿಚ್ಚವಾ. ಕೂಸಿನ ನೆತ್ತಿಗೆ ಚುಚ್ಚತದ."

"ಸಣ್ಣದು ಚಿಗವ್ವಾ, ಯಾರಿಗೂ ಕಾಣಂಗಿಲ್ಲ."

"ನನಗೂ ಕಾಣಂಗಿಲ್ಲ. ಆದ್ರ ಸಿಕ್ಕಿತಲ್ಲ?"

ಮೂರು ಸಲ ಬಿಚ್ಚಿಸಿದಳು. ನಾಲ್ಕನೇ ಸಲ ಬೆರಳು ಆಡಿಸಿ ಏನೂ ಅನ್ನಲಿಲ್ಲ. ಬಟ್ಟೆ ನನ್ನ ಕೈಗಿಟ್ಟು, "ಮುಂದಿನ ಮೂಲಿ ಹಾಕು" ಅಂದಳು.

ಹರಿದ ಕುಂಚಿಗೆಯನ್ನು ನಾನು ಒಗೆದಿಲ್ಲ, ಬಿಸಾಕಿಯೂ ಇಲ್ಲ. ಅದರ ಒಂದೊಂದು ಚಿತ್ರವನ್ನೂ ಎಣಿಸಿ ಮಗನ ಲೆಕ್ಕದ ಚೌಕಳಿ ವಹಿಯಲ್ಲಿ ಇಳಿಸಿಕೊಂಡೆ. ಒಂದು ಟಾಕಿಗೆ ಚೌಕದ ಒಂದು ಬದಿ. ನಿಮ್ಮ ಟ್ರಂಕಿನಲ್ಲೂ ಇಂಥದ್ದಿದ್ದರೆ ಇಂದೇ ಬರೆದಿಡಿ. ಮಡಚದೆ, ಬಿಳಿ ನೂಲಿನ ಬಟ್ಟೆಯಲ್ಲಿ ಸುರುಳಿ ಸುತ್ತಿಡಿ. ಆಗಾಗ ನೆರಳಿನಲ್ಲಿ ಗಾಳಿಗೆ ಹಾಕಿ.

ಇನ್ನೊಂದು ಮಾತು. ನಮ್ಮ ಸುತ್ತಲಿನ ತಾಂಡಾಗಳ ಹೆಣ್ಣುಮಕ್ಕಳ ಕನ್ನಡಿ ಹೊಲಿಗೆ ನೋಡದವರು ಯಾರು? ಸಂಡೂರಿನ ಲಂಬಾಣಿ ಕಸೂತಿಗೆ 2010ರಲ್ಲಿ ಭೌಗೋಳಿಕ ಗುರುತು ಸಿಕ್ಕಿತು. 2023ರ ಜುಲೈನಲ್ಲಿ ಹಂಪಿಯಲ್ಲಿ ಜಿ-20 ಸಭೆ ನಡೆದಾಗ 1,755 ಲಂಬಾಣಿ ಕಸೂತಿ ವಸ್ತುಗಳ ಪ್ರದರ್ಶನ ಗಿನ್ನೆಸ್ ದಾಖಲೆಯಾಯಿತು. ಆದ್ದರಿಂದ ಯಾರಾದರೂ "ಹೆಂಗೂ ಖಾಲಿ ಕೂತೀರಿ, ನನ್ನ ಕುಪ್ಪಸಕ್ಕೂ ಹಾಕಿಕೊಡ್ರಿ" ಎಂದರೆ, ನಗುನಗುತ್ತಲೇ ದಾರದ ದುಡ್ಡೂ ಹೇಳ್ರಿ, ಕೈಯ ಕೂಲಿಯೂ ಹೇಳ್ರಿ. ನಾನು ಮೊನ್ನೆ ಹೇಳಿದೆ. ಎರಡು ತೋಳಿನ ಅಂಚಿಗೆ ಐದು ಮಧ್ಯಾಹ್ನ ಹಿಡಿಯುತ್ತದೆ ಎಂದು ಲೆಕ್ಕ ತೋರಿಸಿದ ಮೇಲೆ ಪಕ್ಕದ ಮನೆಯವರು ಒಪ್ಪಿದರು.

ಕುಂಚಿಗೆ ಮುಗಿಯುವ ಹೊತ್ತಿಗೆ ಮಗಳಿಗೆ ಒಂಬತ್ತು ತುಂಬಿತ್ತು. ನಿದ್ದೆ ಬಾರದೆ ಪಕ್ಕದಲ್ಲಿ ಬಂದು ಕೂತವಳು, "ಅವ್ವಾ, ಈ ಮೂಲ್ಯಾಗ ಹೆಂಗ ತಿರುಗಿಸಿದಿ?" ಎಂದಳು. ಒಲೆಯ ಮೇಲಿನ ಹಾಲು ಇಳಿಸಿ ಬಂದು ತೋರಿಸಿಕೊಟ್ಟೆ. ನೀವೂ ಅಷ್ಟೇ, ಅವ್ವ, ಅತ್ತಿ ಇರುವಾಗಲೇ ಹತ್ತಿರ ಕೂತು ಕೇಳಿಬಿಡ್ರಿ.

ಮುಂದಿನ ಸಂಚಿಕೆಯಲ್ಲಿ ಮೆಂತೆ ಹೊಲಿಗೆಯ ದಿಂಬಿನ ಚೀಲ ಮಾಡೋಣ. ಅಲ್ಲಿಯವರೆಗೆ ಗಂಟು ಹಾಕಬೇಡಿ!