ಅಳುವ ಹೆಂಗಸು ಇರಲೇಬೇಕೇ?

"ಮೇಡಂ, ಟ್ರೇಲರ್ ಅಂದ್ಮೇಲೆ ಒಂದು ಅಳೋ ಹೆಂಗಸು ಬೇಡ್ವಾ?"

ಮಂಡ್ಯದ ನಮ್ಮ ಕಾಲೇಜಿನ ಸ್ಟಾಫ್ ರೂಮಿನ ಬಾಗಿಲಲ್ಲಿ ನಿಂತು ಹೀಗೆ ಕೇಳಿದವನು ಒಳ್ಳೆಯ ಹುಡುಗ. ಅವನ ಮೇಲೆ ನನಗೆ ಸಿಟ್ಟಿಲ್ಲ. ಆ ಪ್ರಶ್ನೆಯ ಮೇಲೆ ಸಿಟ್ಟಿದೆ. ಅದನ್ನು ಅವನ ಬಾಯಿಗೆ ಕೊಟ್ಟವರು ಯಾರು ಎಂದು ಹುಡುಕುತ್ತ ಹೋದರೆ ನಾನೂ ನೀವೂ ಅಲ್ಲೇ ಸಿಕ್ಕಿಬೀಳುತ್ತೇವೆ. ಸಿನಿಮಾ ನೋಡಿ ಬಂದು, ಸೆರಗಿನ ತುದಿಯಲ್ಲಿ ಕಣ್ಣೊರೆಸಿಕೊಂಡು, "ಎಷ್ಟು ಚೆನ್ನಾಗಿತ್ತು ಅಂತೀರಿ, ಅಳು ತಡೆಯೋಕೇ ಆಗ್ಲಿಲ್ಲ" ಎಂದು ಪಕ್ಕದ ಮನೆಯವರಿಗೆ ಹೇಳಿದವರು ನಾವೇ ತಾನೇ?

ವಿಷಯ ಇಷ್ಟು. 2024ರಲ್ಲಿ ನಮ್ಮ ಅಂತಿಮ ವರ್ಷದ ಹನ್ನೊಂದು ಮಕ್ಕಳು, ಏಳು ಹುಡುಗಿಯರು ಮತ್ತು ನಾಲ್ವರು ಹುಡುಗರು, ಇಪ್ಪತ್ತು ನಿಮಿಷದ ಒಂದು ಚಿತ್ರ ಮಾಡಲು ಹೊರಟರು. ಕಥೆ ಹುಡುಗಿಯರದು. ಎರಡು ಹೆಣ್ಣುಮಕ್ಕಳಿರುವ ಮನೆ, ಮೂರನೆಯ ಬಸಿರು, 'ನೋಡಿಸಿಬಿಡೋಣ' ಎಂಬ ಒಂದು ಮಾತು. ಅದರ ಹಿಂದಿನ ವರ್ಷ, 2023ರ ನವೆಂಬರಿನಲ್ಲಿ, ಮಂಡ್ಯದ ಆಲೆಮನೆಯೊಂದರಲ್ಲಿ ಭ್ರೂಣದ ಲಿಂಗ ಪತ್ತೆ ಮಾಡುತ್ತಿದ್ದ ಜಾಲವನ್ನು ಬೆಂಗಳೂರಿನ ಪೊಲೀಸರು ಹೊರಗೆಳೆದಿದ್ದರು. ಬೆಲ್ಲ ಬೇಯುವ ಜಾಗದಲ್ಲಿ ಸ್ಕ್ಯಾನಿಂಗ್ ಯಂತ್ರ! ಆ ಸುದ್ದಿ ಬಂದ ದಿನ ಕ್ಲಾಸಿನಲ್ಲಿ ನನ್ನ ಹುಡುಗಿಯರು ತಲೆ ಎತ್ತಲಿಲ್ಲ. ತಪ್ಪು ಯಾರದೋ, ನಾಚಿಕೆ ಮಾತ್ರ ಇವರ ಪಾಲಿಗೆ ಬಂದಿತ್ತು.

ಚಿತ್ರಕ್ಕೆ ದುಡ್ಡು ಬೇಕಲ್ಲ. ಊರಿನ ವ್ಯಾಪಾರಸ್ಥರೊಬ್ಬರು, "ಮೊದ್ಲು ಟ್ರೇಲರ್ ತೋರ್ಸಿ, ಆಮೇಲೆ ನೋಡಾಣ" ಎಂದರು. ಧಾರೆಗೆ ಮುಂಚೆ ಬೀಗರೂಟ ಹಾಕಿದ ಹಾಗಾಯಿತು. ಚಿತ್ರವೇ ಇಲ್ಲ, ಅದರ ಟ್ರೇಲರ್ ಮೊದಲು. ಹಾಗೆ ನೋಡಿದರೆ ಟ್ರೇಲರ್ ಎಂಬ ಪದಕ್ಕೆ ಹಿಂದೆ ಬರುವುದು ಎಂದೇ ಅರ್ಥ. ಶುರುವಿನಲ್ಲಿ ಅದನ್ನು ಸಿನಿಮಾ ಮುಗಿದ ಮೇಲೆ ತೋರಿಸುತ್ತಿದ್ದರು. ಜನ ಎದ್ದು ಹೋಗುತ್ತಿದ್ದರೆಂದು ಮುಂದಕ್ಕೆ ತಂದರು, ಹೆಸರು ಮಾತ್ರ ಹಾಗೇ ಉಳಿಯಿತು.

ನಾನು ಸಿನಿಮಾದವಳಲ್ಲ. ಆದರೂ ಪುಸ್ತಕ ತಿರುವಿ, ಬಲ್ಲವರನ್ನು ಕೇಳಿ ಒಂದಿಷ್ಟು ಪಾಠ ಮಾಡಿದೆ. ಎರಡು ನಿಮಿಷವೆಂದರೆ 120 ಸೆಕೆಂಡು. ಶಾಟಿಗೆ ಮೂರು ಸೆಕೆಂಡಿನಂತೆ 40 ಶಾಟ್. ನೋಟ್ ಪುಸ್ತಕದಲ್ಲಿ ನಲವತ್ತು ಸಾಲು ಹಾಕಿ, ಒಂದೊಂದರಲ್ಲೂ ಯಾರು, ಎಲ್ಲಿ, ಎಷ್ಟು ಹೊತ್ತಿನ ಬೆಳಕು, ಯಾವ ಶಬ್ದ ಎಂದು ಬರೆಯಿರಿ. ಕಥೆಯ ಕೊನೆ ಬಿಟ್ಟುಕೊಡಬೇಡಿ. ಯಾವುದೋ ಸಿನಿಮಾ ಹಾಡು ಎತ್ತಿ ಹಾಕಬೇಡಿ, ಅದು ಇನ್ನೊಬ್ಬರ ಸ್ವತ್ತು. ಮಾತನ್ನು ಇನ್ನೊಂದು ಫೋನಿನಲ್ಲಿ, ಬಾಯಿಯ ಹತ್ತಿರ ಇಟ್ಟು ತುಂಬಿಕೊಳ್ಳಿ, ಇಲ್ಲದಿದ್ದರೆ ಗದ್ದೆಯ ಗಾಳಿ ಬಿಟ್ಟರೆ ಬೇರೇನೂ ಕೇಳುವುದಿಲ್ಲ. ಶಾಟಿನ ಮೊದಲು ಒಂದು ಚಪ್ಪಾಳೆ ತಟ್ಟಿ, ಚಿತ್ರ ಮತ್ತು ಶಬ್ದ ಕೂಡಿಸುವಾಗ ಆ ಚಪ್ಪಾಳೆಯೇ ಗುರುತು.

ಕೆಲಸ ಹಂಚಿಕೊಂಡರು. ಕಥೆ, ಬಟ್ಟೆ, ಊಟದ ವ್ಯವಸ್ಥೆ, ಅಳುವುದು ಇವು ಹುಡುಗಿಯರಿಗೆ. ಕ್ಯಾಮೆರಾ ಮತ್ತು ಎಡಿಟಿಂಗ್ ಹುಡುಗರಿಗೆ. ಯಾಕಪ್ಪ ಎಂದರೆ "ಭಾರ ಮೇಡಂ" ಎಂದರು. ಆ ಕ್ಯಾಮೆರಾ ಒಂದು ಕೆ.ಜಿ. ತೂಗುವುದಿಲ್ಲ. ಕೆ.ಎಂ. ದೊಡ್ಡಿಯಿಂದ ಬರುವ ನಮ್ಮ ಹುಡುಗಿ ದಿನಾ ಬೆಳಿಗ್ಗೆ ಹತ್ತು ಲೀಟರ್ ಹಾಲಿನ ಕ್ಯಾನನ್ನು ಡೈರಿಗೆ ಹೊತ್ತುಹಾಕಿ, ಕೈಕಾಲು ತೊಳೆದುಕೊಂಡು ಬಸ್ಸು ಹತ್ತುವವಳು. ಅವಳಿಗೆ ಭಾರವಂತೆ! ಆ ದಿನ ನಾನು ನಕ್ಕು ಸುಮ್ಮನಾದೆ. ಅದು ನನ್ನ ಮೊದಲನೆಯ ತಪ್ಪು.

ಹದಿನೈದು ದಿನಕ್ಕೆ ಟ್ರೇಲರ್ ಬಂತು. ನೋಡಿದೆ. ಇನ್ನೊಂದು ಸಲ ಪೆನ್ಸಿಲ್ ಹಿಡಿದು ನೋಡಿದೆ. 40 ಶಾಟ್‌ಗಳಲ್ಲಿ ಅಳುವ ಬಸುರಿ 19, ಕಣ್ಣು ಕೆಕ್ಕರಿಸುವ ಅತ್ತೆ 7, ಖಾಲಿ ತೊಟ್ಟಿಲು 4, ದೇವರ ದೀಪ 3, ಅಕ್ಷರ 3. ಗಂಡ 3, ಅದರಲ್ಲೂ ಎರಡು ಸಲ ಬೆನ್ನು. ಸ್ಕ್ಯಾನಿಂಗ್ ಮಾಡುವವನ ಕೈಗವಸು 1. ಮಾವ ಇಲ್ಲವೇ ಇಲ್ಲ. ಹಿನ್ನೆಲೆಯಲ್ಲಿ ಗುಡುಗು.

ಈಗ ಹೇಳಿ, ಈ ಎರಡು ನಿಮಿಷ ನೋಡಿದವರಿಗೆ ಏನು ತಿಳಿಯುತ್ತದೆ? ಹೆಣ್ಣು ಅಳುತ್ತಾಳೆ, ಹೆಣ್ಣೇ ಅಳಿಸುತ್ತಾಳೆ, ದೇವರು ನೋಡುತ್ತಾನೆ. ಗಂಡಸರು ಆ ಹೊತ್ತಿಗೆ ಎಲ್ಲೋ ಹೊರಗೆ ಹೋಗಿರುತ್ತಾರೆ. 'ಹೆಣ್ಣಿಗೆ ಹೆಣ್ಣೇ ಶತ್ರು' ಎಂಬ ಗಾದೆಯನ್ನು ಕಟ್ಟಿದವರು ಯಾರೋ, ಅದರಿಂದ ಲಾಭ ಯಾರಿಗೋ, ಹೊತ್ತುಕೊಂಡು ತಿರುಗುವವರು ಮಾತ್ರ ನಾವು.

1994ನೆಯ ವರ್ಷ ನೆನಪಿದೆಯೇ? ಆ ವರ್ಷ 'ಮಂಡ್ಯದ ಗಂಡು' ಸಿನಿಮಾ ಬಂತು. ನಮ್ಮ ಜಿಲ್ಲೆಯವರೇ ಆದ ಅಂಬರೀಶ್ ನಾಯಕ. ಅದೇ ವರ್ಷ ಜುಲೈ ಕೊನೆಗೆ ಕರ್ನಾಟಕದಲ್ಲಿ ಹಿಂದೂ ಉತ್ತರಾಧಿಕಾರದ ತಿದ್ದುಪಡಿ ಜಾರಿಗೆ ಬಂದು, ಅಲ್ಲಿಯವರೆಗೆ ಮದುವೆಯಾಗಿರದ ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತ ಆಸ್ತಿಯಲ್ಲಿ ಗಂಡುಮಕ್ಕಳ ಸಮ ಪಾಲು ಬಂತು. ಅದೇ ವರ್ಷ ಭ್ರೂಣಲಿಂಗ ಪತ್ತೆಯನ್ನು ತಡೆಯುವ ಕಾಯ್ದೆಗೂ ಸಂಸತ್ತಿನ ಒಪ್ಪಿಗೆ ಸಿಕ್ಕಿತು, 1996ರ ಜನವರಿಯಿಂದ ಅದು ಜಾರಿ. ಮೂರರಲ್ಲಿ ಯಾವುದು ನಮ್ಮ ಮನೆಮಾತಾಯಿತು ಎಂದು ನಾನು ಹೇಳಬೇಕಾಗಿಲ್ಲ. ಮಗಳಿಗೂ ಒಂದು ಪಾಲು ಎಂದು ಕಾಗದದಲ್ಲಿ ಬರೆದ ಮೇಲೂ, ನಾಲೆಯ ನೀರು ಹರಿಯುವ ಒಂದೂವರೆ ಎಕರೆ ಯಾರ ಹೆಸರಿಗೆ ಎಂಬ ಲೆಕ್ಕ ನಮ್ಮ ಮನೆಗಳಲ್ಲಿ ಬಸಿರಿನಿಂದಲೇ ಶುರುವಾಗುತ್ತದೆ. ಆ ಲೆಕ್ಕ ಹಾಕುವುದು ಅಡುಗೆಮನೆಯಲ್ಲಲ್ಲ, ಜಗಲಿಯಲ್ಲಿ.

ಆ ಕಾಯ್ದೆಯ 24ನೆಯ ಕಲಮನ್ನು ಮಕ್ಕಳ ಮುಂದೆ ಓದಿದೆ. ಇಂಥ ಪರೀಕ್ಷೆಗೆ ಬಸುರಿ ಒಳಗಾದರೆ, ಗಂಡನೋ ಬೇರೆ ಸಂಬಂಧಿಕರೋ ಬಲವಂತ ಮಾಡಿದ್ದರಿಂದಲೇ ಒಳಗಾದಳು ಎಂದು ನ್ಯಾಯಾಲಯ ಭಾವಿಸಬೇಕು, ಅಲ್ಲವೆಂದು ರುಜುವಾತಾಗುವವರೆಗೆ. ಕರಿ ಕೋಟಿನ ಕಾನೂನಿಗೇ ಅವಳ ಹಿಂದೆ ನಿಂತವರು ಕಾಣುತ್ತಾರೆ. ನಮ್ಮ ಕ್ಯಾಮೆರಾಕ್ಕೆ ಕಾಣಲಿಲ್ಲವೆಂದರೆ ತಪ್ಪು ಕ್ಯಾಮೆರಾದ್ದೇ?

ಇಷ್ಟು ಗಟ್ಟಿಯಾಗಿ ಮಾತಾಡುವ ನಾನು ಯಾರು ಎಂದು ನೀವು ಕೇಳಬಹುದು. ಕೇಳಬೇಕು. ಇಪ್ಪತ್ತು ವರ್ಷದ ಹಿಂದೆ ನನ್ನ ಓರಗಿತ್ತಿ ತನ್ನ ಮೂರು ವರ್ಷದ ಮಗಳನ್ನು ನನ್ನ ಮನೆಯಲ್ಲಿ ಬಿಟ್ಟು, "ಅಕ್ಕ, ಮೈಸೂರಿಗೆ ಹೋಗಿ ಬರ್ತೀವಿ, ನಾಳಿದ್ದು ಬರೋದು" ಎಂದಳು. ಅವಳಿಗೆ ನಾಲ್ಕು ತಿಂಗಳೆಂದು ನನಗೆ ಗೊತ್ತಿತ್ತು. ಮೈಸೂರಿನಲ್ಲಿ ಯಾರ ಮನೆ ಎಂದು ನಾನು ಕೇಳಲಿಲ್ಲ. ಮಗುವಿಗೆ ರಾಗಿಮಣ್ಣಿ ಕುಡಿಸಿ ಮಲಗಿಸಿದೆ. ಅವಳು ವಾಪಸು ಬಂದಾಗ ಅಳುತ್ತಿದ್ದಳು, ನಾನೂ ಅತ್ತೆ. ಹೋಗೋಣ ಎಂದದ್ದು, ದುಡ್ಡು ಎಣಿಸಿ ಕೊಟ್ಟದ್ದು, ಕಾರು ಓಡಿಸಿದ್ದು ಅವಳಲ್ಲ. ಅವತ್ತು ಯಾರಾದರೂ ನಮ್ಮ ಮನೆಯ ಟ್ರೇಲರ್ ತೆಗೆದಿದ್ದರೆ ಅದರಲ್ಲೂ ನಾವಿಬ್ಬರು ಅಳುವ ಹೆಂಗಸರೇ ಇರುತ್ತಿದ್ದೆವು. ದುಡ್ಡು ಎಣಿಸಿದವರ ಕೈ ಇರುತ್ತಿರಲಿಲ್ಲ. ಕೇಳದೆ ಇದ್ದ ನನ್ನ ಬಾಯಿಯೂ ಇರುತ್ತಿರಲಿಲ್ಲ. ಅಳುವುದರಲ್ಲಿ ಒಂದು ಅನುಕೂಲವಿದೆ. ಅತ್ತುಬಿಟ್ಟರೆ ಉತ್ತರ ಹೇಳಬೇಕಾಗಿಲ್ಲ.

ಇದನ್ನು ಮಕ್ಕಳಿಗೂ ಹೇಳಿದೆ. ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಆಮೇಲೆ ಕೆ.ಎಂ. ದೊಡ್ಡಿಯ ಹುಡುಗಿ, "ಕ್ಯಾಮೆರಾ ಕೊಡ್ರೋ ಇಲ್ಲಿ" ಎಂದಳು.

ಎರಡನೆಯ ಸಲ ಹುಡುಗಿಯರೇ ಹೊರಟರು. "ಹೆಂಗಸರ ಮುಖ ತೋರ್ಸಿ ಸಾಕಾಯ್ತು, ಗಂಡಸರ ಕೈ ತೋರ್ಸಣ" ಎಂಬುದು ಅವರ ಲೆಕ್ಕ. ಮದ್ದೂರಿನ ಎಳನೀರು ಮಾರುಕಟ್ಟೆಯಲ್ಲಿ ಬೆಳಗಿನ ಬಿಸಿಲಿಗೆ ನೋಟು ಎಣಿಸುವ ಕೈ. ಪಹಣಿಯ ಮೇಲೆ ಬೆರಳಿಟ್ಟು ಹೆಸರು ಹುಡುಕುವ ಕೈ. ಕಾರಿನ ಬೀಗ ತಿರುಗಿಸುವ ಕೈ. ಮೊಮ್ಮಗನ ಸೊಂಟಕ್ಕೆ ಉಡಿದಾರ ಕಟ್ಟುವ ಕೈ. ಯಾರನ್ನೂ ಕದ್ದು ತೆಗೆಯಲಿಲ್ಲ, ಕೇಳಿಯೇ ತೆಗೆದರು. ಯಾಕೆ ಎಂದು ಕೇಳಿದವರಿಗೆ ಕಥೆಯನ್ನೂ ಹೇಳಿದರು. ಕೆಲವರು ಕೈ ಕೊಟ್ಟರು, ಕೆಲವರು ಎದ್ದು ಹೋದರು.

ಆಲೆಮನೆಯವರು ಒಪ್ಪಲಿಲ್ಲ. "ಯಾವನೋ ಮಾಡ್ದ ಕೆಲ್ಸಕ್ಕೆ ಬೆಲ್ಲ ಮಾಡೋರ್ನೆಲ್ಲ ಹಂಗೇ ನೋಡ್ತಾವ್ರೆ ಮೇಡಮ್ಮೋರೆ. ಇನ್ನು ನೀವೂ ಬಂದ್ರಾ?" ಎಂದರು. ಅವರ ಮಾತು ನ್ಯಾಯವಾಗಿತ್ತು. ರಾತ್ರಿಯೆಲ್ಲ ಕೊಪ್ಪರಿಗೆಯ ಮುಂದೆ ಬೆಂದು ಅಚ್ಚು ಬೆಲ್ಲ ತೆಗೆಯುವವರ ಹೊಟ್ಟೆಯ ಮೇಲೆ ನಮ್ಮ ಎರಡು ನಿಮಿಷ ಬೀಳಬಾರದು. ಒಳಗೆ ಹೋಗಲಿಲ್ಲ. ರಸ್ತೆಯಲ್ಲಿ ನಿಂತು ಗಾಣದ ಸದ್ದು ಮಾತ್ರ ತುಂಬಿಕೊಂಡರು. ಅದೇ ಟ್ರೇಲರಿನ ಸಂಗೀತವಾಯಿತು, ಗುಡುಗು ಹೋಯಿತು.

ಕೊನೆಯ ಶಾಟಿಗೆ ಮಳವಳ್ಳಿಗೆ ಹೋದರು. ಒಬ್ಬ ಹುಡುಗಿಯ ಅಜ್ಜಿಯ ಊರು ಆ ಕಡೆ. ಸಂಜೆಯ ಬಸ್ಸು ತಪ್ಪಿದರೆ ಮನೆಯಲ್ಲಿ ಏನು ಹೇಳುವುದೆಂಬ ಭಯದಲ್ಲೇ ಒಂದು ಮಧ್ಯಾಹ್ನ ಮುಗಿಸಿಕೊಂಡರು. ಅಜ್ಜಿಗೆ ಅತ್ತೆಯ ಪಾತ್ರ. ಬರೆದುಕೊಟ್ಟ ಮಾತು ಅವರ ನಾಲಿಗೆಗೆ ಹೊರಳಲಿಲ್ಲ. ಕ್ಯಾಮೆರಾ ಓಡುತ್ತಿರುವಾಗಲೇ ಕಾಗದ ಪಕ್ಕಕ್ಕಿಟ್ಟು ತಮ್ಮ ಮಾತು ಹೇಳಿದರು: "ಎಣ್ಣಾದ್ರೆ ಏನ್ ಮಾಡದು ಅಂತ ಮೊದ್ಲು ಕೇಳ್ದೋನು ನಿಮ್ಮ ತಾತ ಕಣವ್ವ. ಸೊಸೆಗೆ ನೀನು ಯೋಳು ಅಂದ. ನಾ ಯೋಳ್ದೆ."

ಅಷ್ಟೇ. ಅಜ್ಜಿ ಅಳಲಿಲ್ಲ. ತಮ್ಮ ಪಾಲಿನ ತಪ್ಪನ್ನು ಮುಚ್ಚಿಡಲೂ ಇಲ್ಲ. ಅದನ್ನು ಚಿತ್ರದಲ್ಲಿ ಇಡಬಹುದೇ ಎಂದು ಮೊಮ್ಮಗಳು ಎರಡು ಸಲ ಕೇಳಿದಳು. "ಮಡಿಕೊ" ಎಂದರು.

ಈ ಟ್ರೇಲರ್ ನೋಡಿದ ವ್ಯಾಪಾರಸ್ಥರು ಮುಖ ಸಿಂಡರಿಸಿದರು. "ಸೆಂಟಿಮೆಂಟೇ ಇಲ್ಲವಲ್ಲ ಮೇಡಂ, ಯಾರು ನೋಡ್ತಾರೆ? ಊರಿನ ಮಾನ ಬೇರೆ." ದುಡ್ಡು ಬರಲಿಲ್ಲ. ಒಂದು ಮಾತು ಗಮನಿಸಿ. ಮೊದಲ ಟ್ರೇಲರಿನಲ್ಲಿ ಹೆಂಗಸು ಹತ್ತೊಂಬತ್ತು ಸಲ ಅತ್ತಾಗ ಊರಿನ ಮಾನಕ್ಕೆ ಏನೂ ಆಗಿರಲಿಲ್ಲ. ಒಬ್ಬ ತಾತನ ಸುದ್ದಿ ಬಂದ ಕೂಡಲೇ ಹೋಯಿತು.

ಊರಿನ ಮಾನ ಸಿನಿಮಾದಿಂದ ಹೋಗುವುದಿಲ್ಲ. ನಮ್ಮ ಜಿಲ್ಲೆಯ ನೊದೆಕೊಪ್ಪಲಿನ ಜನರೇ ನಟಿಸಿದ 'ತಿಥಿ' 2015ರಲ್ಲಿ ಸ್ವಿಟ್ಜರ್‌ಲೆಂಡಿನ ಲೊಕಾರ್ನೊ ಚಿತ್ರೋತ್ಸವದಲ್ಲಿ ಬಹುಮಾನ ಪಡೆಯಿತು. ಸಾಲ, ಸುಳ್ಳು, ಆಸ್ತಿಯಾಸೆ ಎಲ್ಲವೂ ಅದರಲ್ಲಿತ್ತು. ಊರಿಗೆ ಹೆಸರೇ ಬಂತು. ನನಗೂ ಅದು ಮೆಚ್ಚಿನ ಚಿತ್ರ. ಆದರೆ ಅದು ಮೂರು ತಲೆಮಾರಿನ ಗಂಡಸರ ಕಥೆ. ನಮ್ಮ ಕಥೆಯನ್ನು ನಾವೇ ಹೇಳಬೇಕು. ಹೇಳಲು ಬರುತ್ತದೆಯೇ ಎಂದು ಅನುಮಾನಪಡುವವರಿಗೆ, ಎಂ.ಕೆ. ಇಂದಿರಾ ಬರೆದ 'ಫಣಿಯಮ್ಮ'ನನ್ನು 1983ರಲ್ಲೇ ತೆರೆಗೆ ತಂದವರು ಪ್ರೇಮಾ ಕಾರಂತ ಎಂದು ನೆನಪಿಸಿದರೆ ಸಾಕು. ನಾಲ್ಕು ದಶಕ ಕಳೆದರೂ ನಮ್ಮ ಕಾಲೇಜುಗಳಲ್ಲಿ ಕ್ಯಾಮೆರಾ ಹುಡುಗಿಗೆ ಭಾರವೆಂದರೆ ಹೇಗೆ?

ಮೊನ್ನೆ ಮದ್ದೂರಿನಲ್ಲಿ ಒಂದು ಮಹಿಳಾ ಸಂಘದ ಸಭೆಯಲ್ಲಿ ಆ ಎರಡು ನಿಮಿಷ ತೋರಿಸಿದೆವು. ಚಿತ್ರ ಇನ್ನೂ ಅರ್ಧವಾಗಿದೆ, ಮಕ್ಕಳು ನೂರಿನ್ನೂರು ಕೂಡಿಸಿಕೊಂಡು ತೆಗೆಯುತ್ತಿದ್ದಾರೆ. ಟ್ರೇಲರ್ ಮುಗಿದಾಗ ಯಾರೂ ಕಣ್ಣೊರೆಸಿಕೊಳ್ಳಲಿಲ್ಲ. ಬಹಳ ಹೊತ್ತು ಫ್ಯಾನಿನ ಸದ್ದು. ಸೋತೆವೇನೋ ಅಂದುಕೊಂಡೆ. ಹಿಂದಿನ ಸಾಲಿನಿಂದ ಒಬ್ಬಾಕೆ ಎದ್ದು ಕೇಳಿದರು: "ಇದ್ನ ಗಂಡಸ್ರಿಗೆ ತೋರ್ಸಿದ್ರಾ?"

ಇಲ್ಲ, ತೋರಿಸಿರಲಿಲ್ಲ. ಹೆಣ್ಣಿನ ಕಷ್ಟದ ಚಿತ್ರವನ್ನು ಹೆಣ್ಣುಮಕ್ಕಳಿಗೇ ತೋರಿಸಿ, ಅತ್ತು, ವಡೆ ಕಾಫಿ ಮುಗಿಸಿ ಮನೆಗೆ ಹೋಗುವುದು ನಮಗೆ ಅಭ್ಯಾಸವಾಗಿಬಿಟ್ಟಿದೆ. ಮುಂದಿನ ಸಲ ಕೆ.ಎಂ. ದೊಡ್ಡಿಯ ಹುಡುಗಿಯ ಊರಿನಲ್ಲಿ, ಸಂಜೆ ಹಾಲು ಹಾಕುವ ಹೊತ್ತಿಗೆ, ಡೈರಿಯ ಗೋಡೆಯ ಮೇಲೆ ತೋರಿಸುವುದೆಂದು ನಿಶ್ಚಯಿಸಿದ್ದೇವೆ. ಅಲ್ಲಿ ಗಂಡಸರು ಸೇರುತ್ತಾರೆ, ಜಗಳವೂ ಆಗಬಹುದು. ಆಗಲಿ.

ನಿಮ್ಮ ಊರಲ್ಲೂ ಮಕ್ಕಳು ಸಿನಿಮಾ ಮಾಡುತ್ತೇವೆಂದು ಬಂದಾರು. ಚಂದಾ ಕೊಡುವ ಮೊದಲು ಎರಡು ಮಾತು ಕೇಳಿ. ಕ್ಯಾಮೆರಾ ಯಾರ ಕೈಯಲ್ಲಿದೆ? ಅಳುವವಳ ಪಕ್ಕದಲ್ಲಿದ್ದವರು ಎಲ್ಲಿ ಹೋದರು? ಇಪ್ಪತ್ತು ವರ್ಷದ ಹಿಂದೆ ನಾನು ಕೇಳದೆ ಉಳಿದೆ. ನೀವು ಕೇಳಿ.