ಚೀಟಿ ಬರೆಯುವವರಿಗೆ ಕಾಣದ ದರ

ಇಳಕಲ್ಲಿನ ಸೀರೆ ಅಂಗಡಿಯಲ್ಲಿ ಸೆರಗಿನ ರೇಷ್ಮೆ ಎಂಥದು, ಒಡಲಿನ ನೂಲು ಯಾವುದು, ಬೆಲೆ ಎಷ್ಟು ಎಂದು ವಿಚಾರಿಸದೆ ಯಾರೂ ಹಣ ಕೊಡುವುದಿಲ್ಲ. ಅದೇ ಸೀರೆಯನ್ನು ನೇಯುವ ಮನೆಯವರು ಜ್ವರವೆಂದು ಆಸ್ಪತ್ರೆಗೆ ಹೋದಾಗ, ವೈದ್ಯರು ಬರೆದ ಐದಾರು ತಪಾಸಣೆಗಳ ದರ ತಿಳಿಯುವುದು ಲ್ಯಾಬಿನ ಕಿಟಕಿಯ ಮುಂದೆ ನೋಟು ಎಣಿಸುವಾಗ. ಬರೆದ ವೈದ್ಯರಿಗೂ ಆ ದರ ನಿಖರವಾಗಿ ಗೊತ್ತಿರುತ್ತದೆಂದು ಹೇಳಲಾಗದು.

ದರ ಪ್ರಕಟಿಸಬೇಕೆಂಬ ನಿಯಮ ರಾಜ್ಯದಲ್ಲಿ ಹೊಸದೇನಲ್ಲ. 2007ರ ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಯೇ ಅದನ್ನು ಹೇಳಿದೆ. ಅದರ ತಿದ್ದುಪಡಿಯ ವಿರುದ್ಧ 2017ರ ನವೆಂಬರಿನಲ್ಲಿ ಖಾಸಗಿ ವೈದ್ಯರು ಮುಷ್ಕರ ಹೂಡಿದರು. ಅಂದಿನ ಆರೋಗ್ಯ ಸಚಿವ ಕೆ.ಆರ್. ರಮೇಶ್ ಕುಮಾರ್ ಅವರ ಮಸೂದೆ ಬೆಳಗಾವಿ ಅಧಿವೇಶನದಲ್ಲಿ ಸಡಿಲಗೊಂಡು ಅಂಗೀಕಾರವಾಯಿತು. 2024ರ ಜುಲೈನಲ್ಲಿ ಡೆಂಗಿ ಉಲ್ಬಣಿಸಿದಾಗ ಎಲಿಸಾ ತಪಾಸಣೆಗೆ ತಲಾ 300 ರೂಪಾಯಿ, ರ‍್ಯಾಪಿಡ್ ಕಾರ್ಡಿಗೆ 250 ರೂಪಾಯಿ ಎಂದು ಸರ್ಕಾರ ಮಿತಿ ಹಾಕಿತು. ಇವೆಲ್ಲವೂ ರೋಗಿಯ ಕಣ್ಣಿಗೆ ಬೀಳಲೆಂದು ಮಾಡಿದ ಏರ್ಪಾಡು. ಆದರೆ ಯಾವ ತಪಾಸಣೆ ಬೇಕೆಂಬುದನ್ನು ರೋಗಿ ತೀರ್ಮಾನಿಸುವುದಿಲ್ಲ, ಲೇಖನಿ ವೈದ್ಯರ ಕೈಯಲ್ಲಿದೆ.

ಹಾಗಾದರೆ ದರವನ್ನು ವೈದ್ಯರಿಗೇ ತೋರಿಸಿದರೆ? ಅಮೆರಿಕದಲ್ಲಿ ಈ ಪ್ರಯೋಗ ನಡೆದಿದೆ. ಇಂಡಿಯಾನಾಪೊಲಿಸ್‌ನ ವೈದ್ಯರಿಗೆ ಕಂಪ್ಯೂಟರಿನಲ್ಲಿ ದರ ತೋರಿಸಿದಾಗ ಹೊರರೋಗಿಗಳ ತಪಾಸಣೆಗಳು ಸುಮಾರು ಶೇ 14ರಷ್ಟು ಇಳಿದವೆಂದು 1990ರಲ್ಲಿ ವರದಿಯಾಯಿತು. ತೋರಿಸುವುದು ನಿಂತ ಮೇಲೆ ಉಳಿತಾಯವೂ ಕುಗ್ಗಿತು. ಬಾಲ್ಟಿಮೋರ್‌ನ ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆಯ 2013ರ ವರದಿಯಂತೆ, ದರ ತೋರಿಸಿದ ತಪಾಸಣೆಗಳು ಶೇ 8.6ರಷ್ಟು ಕಡಿಮೆಯಾದವು, ತೋರಿಸದವು ಶೇ 5.6ರಷ್ಟು ಹೆಚ್ಚಿದವು. ಆದರೆ ಫಿಲಡೆಲ್ಫಿಯಾದ ಮೂರು ಆಸ್ಪತ್ರೆಗಳಲ್ಲಿ 98 ಸಾವಿರಕ್ಕೂ ಹೆಚ್ಚು ರೋಗಿಗಳನ್ನೊಳಗೊಂಡ 2017ರ ಅಧ್ಯಯನದಲ್ಲಿ ಒಟ್ಟಾರೆ ಗಮನಾರ್ಹ ವ್ಯತ್ಯಾಸವೇ ಕಾಣಲಿಲ್ಲ. ದುಬಾರಿ ತಪಾಸಣೆಗಳು ಕೊಂಚ ತಗ್ಗಿದರೆ ಅಗ್ಗದವು ಕೊಂಚ ಏರಿದವು. "ಇಷ್ಟೇ ತಾನೆ" ಎಂಬ ಭಾವನೆಯನ್ನೂ ಬೆಲೆಯೇ ಹುಟ್ಟಿಸಬಲ್ಲದು.

ಬಾಗಲಕೋಟೆ ಜಿಲ್ಲೆಗೆ ಈ ಅಂಕಿಗಳನ್ನು ಹಾಗೆಯೇ ಅನ್ವಯಿಸಲಾಗದು. ಅಲ್ಲಿನ ರೋಗಿಯ ಬಿಲ್ಲನ್ನು ಬಹುಪಾಲು ವಿಮೆ ಭರಿಸುತ್ತದೆ. ಇಲ್ಲಿ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದ ನೆರವು ಮುಖ್ಯವಾಗಿ ಒಳರೋಗಿಗೆ. ಖಾಸಗಿ ಹೊರರೋಗಿಯ ರಕ್ತ ತಪಾಸಣೆ, ಸ್ಕ್ಯಾನಿಂಗ್ ಕೈಯಿಂದಲೇ ಆಗಬೇಕು. ಆದ್ದರಿಂದ ಬಾದಾಮಿಯ ವೈದ್ಯರ ಚೀಟಿಯಲ್ಲಿ ತಪಾಸಣೆಯ ಹೆಸರಿನ ಮುಂದೆ ರೂಪಾಯಿ ಮುದ್ರಿತವಾಗಿದ್ದರೆ ಅದು ಫಿಲಡೆಲ್ಫಿಯಾಕ್ಕಿಂತ ಹೆಚ್ಚು ತೂಕ ಪಡೆದೀತು. ಎದುರಿಗೆ ಕುಳಿತ ಕೂಲಿಕಾರನ ದಿನಗೂಲಿ ಎಷ್ಟೆಂಬುದು ಆ ವೈದ್ಯರಿಗೆ ಗೊತ್ತಿದೆ.

ಅಡ್ಡಿಗಳೂ ಇವೆ. ಒಂದೇ ತಪಾಸಣೆಗೆ ಲ್ಯಾಬಿಗೊಂದು ದರವಿದ್ದರೆ ಮುದ್ರಿಸುವುದು ಯಾವುದನ್ನು? ಅದಕ್ಕಿಂತ ದೊಡ್ಡದು ಕಮಿಷನ್. ರೋಗಿಯನ್ನು ಕಳಿಸಿದ್ದಕ್ಕೆ ಪಾಲು ಪಡೆಯುವುದನ್ನು ಭಾರತೀಯ ವೈದ್ಯಕೀಯ ಮಂಡಳಿಯ 2002ರ ನೀತಿ ಸಂಹಿತೆ ನಿಷೇಧಿಸಿದೆ. ಆದರೂ ಪಾಲು ಇರುವ ಕಡೆ ಹೆಚ್ಚಿನ ದರ ಕಂಡ ಲೇಖನಿ ಹಿಂಜರಿಯುವ ಬದಲು ಮುಂದೆ ಸರಿದೀತು. ವೈದ್ಯರ ಭಯವನ್ನೂ ಅಲ್ಲಗಳೆಯುವಂತಿಲ್ಲ. ವೈದ್ಯಕೀಯ ಸೇವೆ ಗ್ರಾಹಕ ಕಾನೂನಿನ ವ್ಯಾಪ್ತಿಗೆ ಬರುತ್ತದೆಂದು 1995ರಲ್ಲಿ ಸುಪ್ರೀಂ ಕೋರ್ಟ್ ತೀರ್ಪಿತ್ತ ಮೇಲೆ, ಬರೆಯದೆ ಬಿಟ್ಟ ತಪಾಸಣೆಯೇ ನಾಳೆ ದೂರಾಗಬಹುದೆಂಬ ಅಳುಕು ಅವರಿಗಿದೆ.

ಇನ್ನು ದರ ತೋರಿಸುವುದರಿಂದ ಬಗೆಹರಿಯದ ವೆಚ್ಚವೂ ಒಂದಿದೆ. ಹುನಗುಂದದಲ್ಲಿ ಬೆಳಿಗ್ಗೆ ರಕ್ತ ಕೊಟ್ಟ ರೋಗಿಯನ್ನು ಸಂಜೆ ಬಾಗಲಕೋಟೆಯ ನವನಗರದ ದೊಡ್ಡ ಆಸ್ಪತ್ರೆಗೆ ಕರೆತಂದಾಗ, ಹಳೆಯ ವರದಿಯನ್ನು ಒಪ್ಪದೆ ಮತ್ತೆ ಅದೇ ತಪಾಸಣೆ ಬರೆದರೆ, ಎರಡು ಚೀಟಿಗಳಲ್ಲೂ ದರ ಮುದ್ರಿಸಿದ್ದರೂ ಮನೆಯವರು ಎರಡು ಬಾರಿ ಹಣ ಕಟ್ಟಲೇಬೇಕು.