ಸವೆತದ ಲೆಕ್ಕ ಕೊಡುವವರು ಯಾರು?

ಪ್ಲಾಸ್ಟಿಕ್ ಎಂದೊಡನೆ ಆಳುವವರಿಗೆ ಕೈಚೀಲವೊಂದೇ ನೆನಪಾಗುತ್ತದೆ. ಕರ್ನಾಟಕ ಸರ್ಕಾರ 2016ರಲ್ಲಿ ಪ್ಲಾಸ್ಟಿಕ್ ಚೀಲಗಳನ್ನು ನಿಷೇಧಿಸಿತು. 2022ರಲ್ಲಿ ಕೇಂದ್ರವು ಒಮ್ಮೆ ಬಳಸಿ ಬಿಸಾಡುವ ಹಲವು ವಸ್ತುಗಳಿಗೆ ತಡೆ ಹಾಕಿತು. ಒಳ್ಳೆಯದೇ ಆಯಿತು. ಆದರೆ ದುಡಿಯುತ್ತಲೇ ಪುಡಿಯಾಗಿ ಮಣ್ಣು ಸೇರುವ ಪ್ಲಾಸ್ಟಿಕ್ಕಿನ ಲೆಕ್ಕವನ್ನು ಕೇಳುವವರಿಲ್ಲ.

ಗದಗ-ಬೆಟಗೇರಿ ನೇಕಾರಿಕೆಗೆ ಹೆಸರಾದ ಊರು. ಮಗ್ಗದಲ್ಲಿ ಲಾಳಿಯನ್ನು ಹೊಡೆದಟ್ಟುವ ಪಿಕ್ಕರ್ ಹಿಂದೆ ಎಮ್ಮೆಯ ತೊಗಲಿನದಾಗಿತ್ತು; ಬರಬರುತ್ತ ಆ ಜಾಗಕ್ಕೆ ನೈಲಾನ್ ಬಂದಿತು. ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಯ ರೈತರಿಗೂ ಯಂತ್ರಗಳ ನೈಲಾನ್ ಬುಶ್ ಹೊಸದಲ್ಲ. ಅದು ಬೇಗ ಸವೆದರೆ ದೂರು ಮಾತ್ರ ಬಳಸಿದವರ ಮೇಲೆ: ಧೂಳು ಒರೆಸಲಿಲ್ಲ, ಭಾರ ಹೆಚ್ಚು ಹೇರಿದರು.

ಇದು ಅರ್ಧಸತ್ಯ. ಬಾಳಿಕೆಯ ಬುನಾದಿ ಬೀಳುವುದು ತಯಾರಿಕೆಯಲ್ಲಿ. ಎರಕದ ನೈಲಾನ್-6 ಮಾಡಲು ಕ್ಯಾಪ್ರೊಲ್ಯಾಕ್ಟಮ್ ಎಂಬ ಕಚ್ಚಾವಸ್ತುವಿಗೆ ವೇಗವರ್ಧಕ ಬೆರೆಸಿ, ಸುಮಾರು 150 ಡಿಗ್ರಿ ಸೆಲ್ಸಿಯಸ್ ಕಾವಿನ ಅಚ್ಚಿಗೆ ಹೊಯ್ಯುತ್ತಾರೆ. ನೈಲಾನ್ ಕರಗುವುದು 220 ಡಿಗ್ರಿಯ ಆಸುಪಾಸಿನಲ್ಲಿ. ಆದ್ದರಿಂದ ಅಣುಗಳ ಸರಪಳಿ ಬೆಳೆಯುತ್ತಿರುವಾಗಲೇ ಅದು ಹರಳುಗಟ್ಟುತ್ತದೆ. ಸರಪಳಿ ನೀಳವಾಗಿ, ಹರಳು ಸಮನಾಗಿ ಕೂಡಿದರೆ ಸವೆತ ಕಡಿಮೆ. ಕಚ್ಚಾವಸ್ತುವಿನಲ್ಲಿ ತುಸು ತೇವ ಉಳಿದರೂ ವೇಗವರ್ಧಕ ಕೆಟ್ಟು, ಕ್ರಿಯೆ ಅರ್ಧಕ್ಕೆ ನಿಲ್ಲುತ್ತದೆ. ಕಾವು ಮಿತಿಮೀರಿದರೆ ಹರಳುಗಟ್ಟುವುದು ತಗ್ಗುತ್ತದೆ. ಕೂಡದೆ ಉಳಿದ ಕ್ಯಾಪ್ರೊಲ್ಯಾಕ್ಟಮ್ ಒಳಗೇ ಕುಳಿತು ನೈಲಾನನ್ನು ಮೆತ್ತಗಾಗಿಸುತ್ತದೆ. ಮೆತ್ತಗಿನ ನೈಲಾನ್ ಘರ್ಷಣೆಯ ಕಾವಿಗೆ ಉಕ್ಕಿಗಂಟಿ, ಪದರ ಪದರವಾಗಿ ಕಿತ್ತುಬರುತ್ತದೆ. ಅಂಗಡಿಯಲ್ಲಿ ನೋಡಿದರೆ ಒಳ್ಳೆಯದಕ್ಕೂ ಕಳಪೆಯದಕ್ಕೂ ಒಂದೇ ಬಣ್ಣ!

ಹೀಗೆ ಉದುರಿದ ಪುಡಿ ಎಲ್ಲಿಗೆ ಹೋಗುತ್ತದೆ? ಮಗ್ಗದ ಮನೆಯ ಕಸದೊಡನೆ ಚರಂಡಿಗೆ, ಯಂತ್ರದಡಿಯಿಂದ ಹೊಲಕ್ಕೆ, ಮಳೆ ಬಂದರೆ ಹಳ್ಳಕ್ಕೆ. ಗಣಿಗಾರಿಕೆಯ ವಿರುದ್ಧ ಜನ ಬೀದಿಗಿಳಿದು ಉಳಿಸಿಕೊಂಡ ಕಪ್ಪತಗುಡ್ಡವು 2019ರಲ್ಲಿ ವನ್ಯಜೀವಿಧಾಮವಾಯಿತು. ಗುಡ್ಡವನ್ನು ಕಾಯ್ದ ನಾಡು ಅದರ ಬುಡದ ಮಣ್ಣಿಗೆ ಬೀಳುವ, ಕೊಳೆಯಲೊಲ್ಲದ ಪುಡಿಯನ್ನು ಕಂಡೂ ಕಾಣದಂತಿರುವುದು ಸರಿಯೇ?

ನೈಲಾನನ್ನೇ ಬಿಡಿರೆಂದು ನೇಕಾರನಿಗೆ ಬೋಧಿಸುವುದು ಸುಲಭ, ನ್ಯಾಯವಲ್ಲ. ಎಣ್ಣೆ ಕಡಿಮೆ ಕೇಳುವ, ಸದ್ದು ತಗ್ಗಿಸುವ ವಸ್ತುವನ್ನು ಆತ ಸುಮ್ಮನೆ ಆರಿಸಿಲ್ಲ. ಉತ್ತರ ಹೇಳಬೇಕಾದವರು ತಯಾರಕರು. ಎರಕದ್ದೋ ಅಲ್ಲವೋ, ಹೊಸದೋ ಮರುಬಳಕೆಯದೋ, ಕೂಡದೆ ಉಳಿದ ಕಚ್ಚಾವಸ್ತು ಎಷ್ಟು, ಸವೆತದ ಪರೀಕ್ಷೆಯಲ್ಲಿ ಕಳೆದುಕೊಂಡ ತೂಕವೆಷ್ಟು — ಇಷ್ಟನ್ನು ಪ್ರತಿ ಸರಕಿನ ಮೇಲೆ ಕನ್ನಡದಲ್ಲಿ ಬರೆಯುವುದು ಕಡ್ಡಾಯವಾಗಲಿ. ಚೀಲದ ದಪ್ಪವನ್ನು ಮೈಕ್ರಾನಿನಲ್ಲಿ ಅಳೆಯಬಲ್ಲ ಸರ್ಕಾರಕ್ಕೆ ಇದು ಅಸಾಧ್ಯವೇನಲ್ಲ. ಕಾರ್ಖಾನೆ ಕಾವಿನಲ್ಲಿ, ಸಮಯದಲ್ಲಿ ಉಳಿಸಿದ ಹಣವನ್ನು ನೇಕಾರನ ಜೇಬೂ ರೈತನ ಹೊಲವೂ ತೆರುವುದು ಇನ್ನು ಸಾಕು.